ಸುಗೌಲಿಯ ಕೌಲು

ಎರಡು ಅಕ್ಷರಗಳು ಒಂದನ್ನೊಂದು ಕೂಡುವುದನ್ನು ವ್ಯಾಕರಣದಲ್ಲಿ ಸಂಧಿ ಎನ್ನುತ್ತಾರೆ. ಹಾಗೆ ಕೂಡುವಾಗ ಕೆಲವೊಮ್ಮೆ ಇದ್ದ ಅಕ್ಷರವೊಂದು ಬಿಟ್ಟುಹೋಗುತ್ತದೆ. ಕೆಲವೊಮ್ಮೆ ಹೊಸ ಅಕ್ಷರವೊಂದು ನಡುವೆ ಬಂದು ನಿಲ್ಲುತ್ತದೆ. ಮತ್ತೆ ಕೆಲವೊಮ್ಮೆ ಒಂದರ ಸ್ಥಾನವನ್ನು ಇನ್ನೊಂದು ಆಕ್ರಮಿಸುತ್ತದೆ. ಲೋಪ, ಆಗಮ, ಆದೇಶ ಎಂಬ ಈ ಮಾತುಗಳು ವಿದ್ಯಾರ್ಥಿಗಳಿಗೆ ಹೊಸವಲ್ಲ. ರಾಜ್ಯ ರಾಜ್ಯಗಳ ನಡುವೆ ಆಗುವ ಒಡಂಬಡಿಕೆಗೂ ನಮ್ಮ ಪೂರ್ವಿಕರು ಸಂಧಿ ಎಂಬ ಹೆಸರನ್ನೇ ಇಟ್ಟರು. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ರಾಜನೀತಿಯ ಆರು ಗುಣಗಳನ್ನು ಎಣಿಸುವಾಗ ಸಂಧಿಯನ್ನೇ ಮೊದಲು ಹೇಳಿ, ವಿಗ್ರಹವನ್ನು, ಎಂದರೆ ಯುದ್ಧವನ್ನು, ಅದರ ಅನಂತರ ಇಟ್ಟಿದ್ದಾನೆ. ಈ ಸಂಧಿಯಲ್ಲಿಯೂ ಲೋಪವುಂಟು, ಆಗಮವುಂಟು, ಆದೇಶವುಂಟು. ಆದರೆ ಇಲ್ಲಿ ಬಿಟ್ಟುಹೋಗುವುದು ಅಕ್ಷರವಲ್ಲ; ಊರು, ಹೊಲ, ಕಾಡು, ಜನ.

ಬಿಹಾರ ರಾಜ್ಯದ ಪೂರ್ವ ಚಂಪಾರಣ್ ಜಿಲ್ಲೆಯಲ್ಲಿ ಸುಗೌಲಿ ಎಂಬ ಸಣ್ಣ ಪಟ್ಟಣವಿದೆ. 1917ರಲ್ಲಿ ಗಾಂಧೀಜಿಯವರು ನೀಲಿ ಬೆಳೆಯುತ್ತಿದ್ದ ರೈತರ ಅಹವಾಲನ್ನು ಕೇಳಲು ಬಂದಿದ್ದ ಮೋತಿಹಾರಿಯು ಅದಕ್ಕೆ ಸಮೀಪದಲ್ಲಿಯೇ ಇದೆ. ನೇಪಾಳದ ಹೆಬ್ಬಾಗಿಲೆನಿಸಿದ ರಕ್ಸೌಲಿಗೆ ಹೋಗುವ ರೈಲುಹಾದಿ ಸುಗೌಲಿ ಜಂಕ್ಷನ್ನಿನಿಂದಲೇ ಕವಲೊಡೆಯುತ್ತದೆ. ಅಲ್ಲಿ ಗಾಡಿ ಬದಲಾಯಿಸುವ ಪ್ರಯಾಣಿಕರಲ್ಲಿ ಎಷ್ಟು ಮಂದಿಗೆ ಆ ಊರಿನ ಹೆಸರು ಒಂದು ದೇಶದ ಗಡಿಯನ್ನು ಕಟ್ಟಿಕೊಟ್ಟಿತೆಂಬುದು ನೆನಪಿಗೆ ಬಂದೀತೋ! 1815ರ ಡಿಸೆಂಬರ್ 2ರಂದು ಈ ಊರಿನಲ್ಲಿ ಒಂಬತ್ತು ಕಲಮುಗಳ ಒಂದು ಒಪ್ಪಂದವು ಸಿದ್ಧವಾಯಿತು. ಬಿಡಿಸಿಟ್ಟರೆ ಎರಡು ಮೂರು ಪುಟಗಳಿಗೆ ಮೀರದ ಬರಹ. ಅದಕ್ಕೆ ಸಹಿ ಮಾಡಿದ ರಾಜ್ಯಗಳಲ್ಲಿ ಒಂದಾದ ಈಸ್ಟ್ ಇಂಡಿಯ ಕಂಪನಿ ಈಗ ಇಲ್ಲ. ಇನ್ನೊಂದಾದ ನೇಪಾಳದ ಅರಸೊತ್ತಿಗೆಯೂ 2008ರಲ್ಲಿ ಕೊನೆಗೊಂಡಿತು. ಆದರೂ ಆ ಬರಹದ ಒಂದು ಕಲಮಿನಲ್ಲಿ ಬರುವ ಒಂದು ನದಿಯ ಹೆಸರನ್ನು ಕುರಿತು ಎರಡು ಸ್ವತಂತ್ರ ರಾಷ್ಟ್ರಗಳು ಇಂದಿಗೂ ಚರ್ಚಿಸುತ್ತಿವೆ.

ನೇಪಾಳವೆಂಬ ರಾಜ್ಯವು ಆ ವೇಳೆಗೆ ಬಹಳ ಹಳೆಯದಾಗಿರಲಿಲ್ಲ. ಹಿಮಾಲಯದ ತಪ್ಪಲಿನಲ್ಲಿ ಹತ್ತಾರು ಸಣ್ಣ ಸಂಸ್ಥಾನಗಳು ಹಂಚಿಹೋಗಿದ್ದ ಕಾಲದಲ್ಲಿ ಗೋರ್ಖಾ ಎಂಬ ಒಂದು ಪುಟ್ಟ ರಾಜ್ಯದ ಅರಸನಾಗಿದ್ದ ಪೃಥ್ವೀನಾರಾಯಣ ಶಾಹನು 1768 ಮತ್ತು 1769ರಲ್ಲಿ ಕಠ್ಮಂಡು ಕಣಿವೆಯ ಮೂರು ಪಟ್ಟಣಗಳನ್ನು ಗೆದ್ದು ತನ್ನ ರಾಜಧಾನಿಯನ್ನು ಅಲ್ಲಿಗೆ ಸಾಗಿಸಿದನು. ಉತ್ತರದಲ್ಲಿ ಚೀನಾ, ದಕ್ಷಿಣದಲ್ಲಿ ಕಂಪನಿಯ ವಶವಾಗುತ್ತಿದ್ದ ಹಿಂದೂಸ್ಥಾನ. ಇವೆರಡರ ನಡುವೆ ಸಿಕ್ಕ ತನ್ನ ರಾಜ್ಯವನ್ನು ಅವನು ಎರಡು ಬಂಡೆಗಳ ನಡುವಿನ ಗೆಡ್ಡೆಗೆ ಹೋಲಿಸಿದನೆಂದು ಹೇಳುತ್ತಾರೆ. ಆ ಗೆಡ್ಡೆ ಮಾತ್ರ ಅವನ ತರುವಾಯ ಬಲು ಬೇಗ ಬೆಳೆಯಿತು. 1790ರಲ್ಲಿ ಕುಮಾವೂನ್, 1804ರ ವೇಳೆಗೆ ಗಢವಾಲ್ ಗೋರ್ಖರ ಕೈಸೇರಿದವು. ಪೂರ್ವದಲ್ಲಿ ತೀಸ್ತಾ ನದಿಯಿಂದ ಪಶ್ಚಿಮದಲ್ಲಿ ಸಟ್ಲೆಜ್ ನದಿಯವರೆಗೆ ಅವರ ಪಡೆಗಳು ಹರಡಿದವು. ಗೆದ್ದ ನಾಡಿನ ಜನರಿಗೆ ಆ ಆಳ್ವಿಕೆ ಹಿತವಾಗಿತ್ತೆಂದು ಹೇಳುವಂತಿಲ್ಲ. ಗಢವಾಲ್ ಮತ್ತು ಕುಮಾವೂನ್ ಪ್ರಾಂತಗಳಲ್ಲಿ 'ಗೋರ್ಖ್ಯಾಣಿ' ಎಂಬ ಮಾತು ದಬ್ಬಾಳಿಕೆಗೆ ಮತ್ತೊಂದು ಹೆಸರಾಗಿ ಉಳಿದುಕೊಂಡಿತು. ಒಂದು ದೇಶದ ಇತಿಹಾಸದಲ್ಲಿ ನಷ್ಟವೆಂದು ಬರೆದದ್ದು ಇನ್ನೊಂದು ನಾಡಿನ ನೆನಪಿನಲ್ಲಿ ಬಿಡುಗಡೆಯಾಗಿರಬಹುದೆಂಬುದನ್ನು ಮುಂದಿನ ಕಥೆಯನ್ನು ಓದುವಾಗ ಮರೆಯಬಾರದು.

ಗೋರ್ಖರಿಗೂ ಕಂಪನಿಗೂ ಜಗಳ ಹುಟ್ಟಿದ್ದು ಬೆಟ್ಟಗಳಲ್ಲಿ ಅಲ್ಲ, ಬೆಟ್ಟದ ಬುಡದಲ್ಲಿರುವ ತರಾಯಿಯಲ್ಲಿ. ತರಾಯಿ ಎಂದರೆ ಜೌಗು ನೆಲ, ದಟ್ಟವಾದ ಕಾಡು, ಮಲೇರಿಯದ ತವರು. ಆದರೆ ಕಾಡು ಕಡಿದ ಕಡೆ ಭತ್ತ ಹುಲುಸಾಗಿ ಬೆಳೆಯುತ್ತಿತ್ತು. ಮರ, ಆನೆ, ಕಂದಾಯ ಎಲ್ಲವೂ ಅಲ್ಲಿಂದಲೇ ಬರಬೇಕಾಗಿತ್ತು. ಬುಟವಲ್ ಮತ್ತು ಶಿವರಾಜ್ ಎಂಬ ಸೀಮೆಗಳ ಹಳ್ಳಿಗಳು ಯಾರವೆಂಬ ವ್ಯಾಜ್ಯ ಬೆಳೆದು, 1814ರ ಮೇ ತಿಂಗಳಿನಲ್ಲಿ ಬುಟವಲಿನ ಕಂಪನಿಯ ಪೊಲೀಸು ಠಾಣೆಗಳ ಮೇಲೆ ದಾಳಿ ನಡೆಯಿತು. ಆಗ ಗವರ್ನರ್ ಜನರಲ್ ಆಗಿದ್ದವನು ಮುಂದೆ ಲಾರ್ಡ್ ಹೇಸ್ಟಿಂಗ್ಸ್ ಎಂದು ಹೆಸರಾದ ಲಾರ್ಡ್ ಮಾಯ್ರಾ. ನೇಪಾಳದಲ್ಲಿ ಅರಸನಾದ ಗೀರ್ವಾಣಯುದ್ಧ ವಿಕ್ರಮ ಶಾಹನು ಇನ್ನೂ ಎಳೆಯ; ಅಧಿಕಾರವೆಲ್ಲ ಭೀಮಸೇನ ಥಾಪಾ ಎಂಬ ಮಂತ್ರಿಯ ಕೈಯಲ್ಲಿದ್ದಿತು. 1814ರ ನವೆಂಬರ್ 1ರಂದು ಕಂಪನಿಯು ಯುದ್ಧವನ್ನು ಸಾರಿತು.

ಸಾರುವುದಕ್ಕೆ ಮುಂಚೆಯೇ ಯುದ್ಧವು ಪ್ರಾರಂಭವಾಗಿತ್ತು. ಡೆಹರಾಡೂನಿನ ಬಳಿ ನಾಲಾಪಾನಿ ಎಂಬ ಗುಡ್ಡದ ಮೇಲೆ ಗೋರ್ಖರದೊಂದು ಸಣ್ಣ ಕೋಟೆ. ಅದರೊಳಗೆ ಬಲಭದ್ರ ಕುಂವರ್ ಎಂಬ ನಾಯಕನೂ ಹೆಂಗಸರು ಮಕ್ಕಳೂ ಸೇರಿ ಸುಮಾರು 600 ಮಂದಿಯೂ ಇದ್ದರು. ಮುತ್ತಿದ ಸೈನ್ಯಕ್ಕೆ ದಂಡನಾಯಕ ಜನರಲ್ ಗಿಲೆಸ್ಪಿ. 1806ರಲ್ಲಿ ವೇಲೂರಿನ ಕೋಟೆಯಲ್ಲಿ ಸಿಪಾಯಿಗಳು ದಂಗೆಯೆದ್ದಾಗ ಆರ್ಕಾಟಿನಿಂದ ಕುದುರೆಯೇರಿ ಧಾವಿಸಿ ಅದನ್ನು ಅಡಗಿಸಿದವನು ಇವನೇ. ನಾಲಾಪಾನಿಯಲ್ಲಿ ಅವನ ಅದೃಷ್ಟ ಕೈಕೊಟ್ಟಿತು. ಅಕ್ಟೋಬರ್ 31ರಂದು ಕೋಟೆಯ ಬಾಗಿಲ ಬಳಿ ಗುಂಡು ತಗುಲಿ ಮಡಿದನು. ತರುವಾಯ ಬಂದವರು ದೊಡ್ಡ ಫಿರಂಗಿಗಳನ್ನು ತರಿಸಿ ಗೋಡೆಯನ್ನು ಒಡೆದರು, ಆದರೂ ಒಳನುಗ್ಗಲಾಗಲಿಲ್ಲ. ಕೊನೆಗೆ ಕೋಟೆಗೆ ನೀರು ಒದಗುತ್ತಿದ್ದ ದಾರಿಯನ್ನು ಕಟ್ಟಿಹಾಕಿದರು. ನವೆಂಬರ್ 30ರಂದು ಬಲಭದ್ರನು ಅಳಿದುಳಿದ ಎಪ್ಪತ್ತರಷ್ಟು ಜನರೊಡನೆ ಮುತ್ತಿಗೆಯನ್ನು ಸೀಳಿಕೊಂಡು ಹೊರಟುಹೋದನು. ಅಲ್ಲಿ ಇಂಗ್ಲಿಷರು ಎರಡು ಸ್ಮಾರಕಗಳನ್ನು ಜೊತೆಜೊತೆಯಾಗಿ ನಿಲ್ಲಿಸಿದರು: ಒಂದು ಗಿಲೆಸ್ಪಿ ಮತ್ತು ಅವನೊಡನೆ ಮಡಿದವರಿಗೆ, ಇನ್ನೊಂದು ಬಲಭದ್ರ ಮತ್ತು ಅವನ ಗೋರ್ಖರಿಗೆ. ಬಲಭದ್ರನು ಮುಂದೆ ಲಾಹೋರಿನ ರಣಜಿತ್ ಸಿಂಹನ ಸೇವೆಗೆ ಸೇರಿದನು. ಹೊರನಾಡಿನ ಸೈನ್ಯದಲ್ಲಿ ದುಡಿಯುವವನಿಗೆ ನೇಪಾಳಿಗಳು ಇಂದಿಗೂ 'ಲಾಹುರೆ' ಎನ್ನುವುದು ಆ ಲಾಹೋರಿನ ನೆನಪಿನಿಂದಲೇ.

ಶೌರ್ಯವೊಂದೇ ಯುದ್ಧವನ್ನು ಗೆಲ್ಲಿಸುವುದಿಲ್ಲ. 1815ರ ಏಪ್ರಿಲಿನಲ್ಲಿ ಅಲ್ಮೋರಾ ಬಿದ್ದಿತು. ಮೇ ತಿಂಗಳಿನಲ್ಲಿ ಪಶ್ಚಿಮದ ಗೋರ್ಖಾ ಸೇನಾನಿ ಅಮರಸಿಂಹ ಥಾಪಾ ಮಲಾವೂನ್ ಕೋಟೆಯನ್ನು ಆಕ್ಟರ್‌ಲೋನಿ ಎಂಬ ಇಂಗ್ಲಿಷ್ ಸೇನಾನಿಗೆ ಒಪ್ಪಿಸಿ ಹಿಂದಿರುಗಿದನು. ಸಂಧಿಯ ಮಾತು ಮೊದಲಾಯಿತು. ಕಂಪನಿಯ ಪರವಾಗಿ ಲೆಫ್ಟಿನೆಂಟ್ ಕರ್ನಲ್ ಬ್ರಾಡ್‌ಷಾ, ನೇಪಾಳದ ಪರವಾಗಿ ರಾಜಗುರು ಗಜರಾಜ ಮಿಶ್ರ ಮತ್ತು ಚಂದ್ರಶೇಖರ ಉಪಾಧ್ಯಾಯ ಸುಗೌಲಿಯಲ್ಲಿ ಕುಳಿತು ಸಹಿ ಹಾಕಿದರು. ಹದಿನೈದು ದಿನಗಳೊಳಗಾಗಿ ನೇಪಾಳದ ದೊರೆಯು ಅದನ್ನು ಸ್ಥಿರಪಡಿಸಬೇಕೆಂಬುದು ಒಂಬತ್ತನೆಯ ಕಲಮು.

ದಿನಗಳು ಕಳೆದವು, ಸ್ಥಿರಪತ್ರ ಬರಲಿಲ್ಲ. ಬರೆಯಲು ಕುಳಿತವನು ಒಪ್ಪಿದ್ದನ್ನು ಆಳುವವನು ಒಪ್ಪದಿದ್ದರೆ ಒಪ್ಪಂದವು ಬರಿಯ ಕಾಗದ. ಯುದ್ಧ ಪುನಃ ಹೊತ್ತಿಕೊಂಡಿತು. ಆಕ್ಟರ್‌ಲೋನಿಯು 1816ರ ಫೆಬ್ರವರಿಯಲ್ಲಿ ಚುರಿಯಾ ಬೆಟ್ಟಸಾಲಿನ ಕಾವಲಿಲ್ಲದ ಒಂದು ಕಮರಿಯ ಮೂಲಕ ಸೈನ್ಯವನ್ನು ನುಗ್ಗಿಸಿ ಮಕವಾನಪುರದವರೆಗೆ ಬಂದುಬಿಟ್ಟನು. ಅಲ್ಲಿಂದ ಕಠ್ಮಂಡು ಕೆಲವೇ ದಿನಗಳ ದಾರಿ. ಇನ್ನು ತಡಮಾಡುವಂತಿರಲಿಲ್ಲ. 1816ರ ಮಾರ್ಚ್ 4ರಂದು, ಮಧ್ಯಾಹ್ನ ಎರಡೂವರೆ ಗಂಟೆಗೆ, ಮಕವಾನಪುರದ ಕಣಿವೆಯಲ್ಲಿ ಚಂದ್ರಶೇಖರ ಉಪಾಧ್ಯಾಯನಿಂದ ಒಪ್ಪಂದದ ಪ್ರತಿಯನ್ನು ಪಡೆದುದಾಗಿ ಆಕ್ಟರ್‌ಲೋನಿಯು ಷರಾ ಬರೆದನು. ಗಂಟೆಯನ್ನೂ ಬಿಡದೆ ಬರೆದಿಟ್ಟುದರಲ್ಲಿ ಅರ್ಥವಿದೆ. ಆ ಗಳಿಗೆಯವರೆಗೆ ಯುದ್ಧ, ಆಮೇಲೆ ಶಾಂತಿ.

ಆ ಒಂಬತ್ತು ಕಲಮುಗಳು ಹೇಳಿದ್ದೇನು? ಮೊದಲನೆಯದು ಎರಡು ರಾಜ್ಯಗಳಿಗೂ ಶಾಶ್ವತವಾದ ಶಾಂತಿ ಸ್ನೇಹಗಳನ್ನು ಸಾರುತ್ತದೆ. ಇಂತಹ ಬರಹಗಳೆಲ್ಲ ಹೀಗೆಯೇ ಆರಂಭವಾಗುತ್ತವೆ, ಅದಕ್ಕೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಮೂರನೆಯದು ತರಾಯಿಯನ್ನು ನದಿಯಿಂದ ನದಿಗೆ ತುಂಡರಿಸುತ್ತದೆ: ಕಾಳಿಯಿಂದ ರಾಪ್ತಿಯವರೆಗೆ, ರಾಪ್ತಿಯಿಂದ ಗಂಡಕಿಯವರೆಗೆ, ಗಂಡಕಿಯಿಂದ ಕೋಸಿಯವರೆಗೆ, ಮೇಚಿಯಿಂದ ತೀಸ್ತಾದವರೆಗೆ. ಈ ತಗ್ಗುನೆಲದಲ್ಲಿ ಬಹುಭಾಗ ಕಂಪನಿಗೆ. ಅಲ್ಲಿ ಉಂಬಳಿಗಳನ್ನು ಅನುಭವಿಸುತ್ತಿದ್ದ ನೇಪಾಳದ ಸರದಾರರಿಗೆ ವರ್ಷಕ್ಕೆ ಎರಡು ಲಕ್ಷ ರೂಪಾಯಿ ವಿಶ್ರಾಂತಿವೇತನವೆಂದು ನಾಲ್ಕನೆಯ ಕಲಮು. ಕಾಳೀ ನದಿಯ ಪಶ್ಚಿಮಕ್ಕಿರುವ ಯಾವ ದೇಶದೊಡನೆಯೂ, ಅಲ್ಲಿನ ಯಾವ ಪ್ರಜೆಯೊಡನೆಯೂ ತನಗೂ ತನ್ನ ವಂಶದವರಿಗೂ ಇನ್ನು ಸಂಬಂಧವಿಲ್ಲವೆಂದು ದೊರೆಯಿಂದ ಬರೆಸಿಕೊಂಡದ್ದು ಐದನೆಯದು. ಸಿಕ್ಕಿಂ ರಾಜನಿಗೆ ತೊಂದರೆ ಕೊಡಬಾರದು, ಅವನೊಡನೆ ಮನಸ್ತಾಪ ಬಂದರೆ ಕಂಪನಿಯ ತೀರ್ಪಿಗೆ ತಲೆಬಾಗಬೇಕು ಎನ್ನುವುದು ಆರನೆಯದು. ಕಂಪನಿಯ ಅಪ್ಪಣೆಯಿಲ್ಲದೆ ಯೂರೋಪು ಅಮೆರಿಕಗಳ ಯಾರನ್ನೂ ನೌಕರಿಗೆ ಇಟ್ಟುಕೊಳ್ಳಬಾರದೆನ್ನುವುದು ಏಳನೆಯದು. ಪರಸ್ಪರ ಆಸ್ಥಾನಗಳಲ್ಲಿ ಪ್ರತಿನಿಧಿಗಳು ಇರತಕ್ಕದ್ದೆಂಬುದು ಎಂಟನೆಯದು.

ನೇಪಾಳವು ತನ್ನ ನೆಲದಲ್ಲಿ ಸುಮಾರು ಮೂರರಲ್ಲೊಂದು ಪಾಲನ್ನು ಕಳೆದುಕೊಂಡಿತು. ಇದು ಲೋಪ. ಕಠ್ಮಂಡುವಿಗೆ ಬ್ರಿಟಿಷ್ ರೆಸಿಡೆಂಟನೊಬ್ಬ ಬಂದು ನೆಲಸಿದನು. ಇದು ಆಗಮ. ಆದರೆ ಈ ಸಂಧಿಯಲ್ಲಿ ಆದೇಶವು ಮಾತ್ರ ನಡೆಯಲಿಲ್ಲ. ದೊರೆಯ ಸ್ಥಾನದಲ್ಲಿ ಕಂಪನಿ ಬಂದು ಕೂರಲಿಲ್ಲ. ಅದೇಕೆಂಬುದನ್ನು ತಿಳಿಯಬೇಕಾದರೆ ಹದಿನೇಳು ವರ್ಷಗಳ ಹಿಂದೆ ಅದೇ ಕಂಪನಿಯು ಮೈಸೂರಿನೊಡನೆ ಮಾಡಿಕೊಂಡಿದ್ದ ಇನ್ನೊಂದು ಒಪ್ಪಂದವನ್ನು ಇದರ ಪಕ್ಕದಲ್ಲಿಟ್ಟು ಓದಬೇಕು.

1799ರ ಮೇ ತಿಂಗಳಿನಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ ಅವನ ರಾಜ್ಯವನ್ನು ಕಂಪನಿಯೂ ನಿಜಾಮನೂ ಹಂಚಿಕೊಂಡರು. ಉಳಿದ ಭಾಗಕ್ಕೆ ಐದು ವರ್ಷದ ಬಾಲಕನಾದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಅರಸರನ್ನಾಗಿ ಮಾಡಿದರು. ಅದೇ ವರ್ಷ ಜುಲೈ 8ರಂದು ಆದ ಒಪ್ಪಂದದಂತೆ ಮೈಸೂರಿನ ರಕ್ಷಣೆಗೆ ಕಂಪನಿಯ ಸೈನ್ಯವಿರಬೇಕು. ಅದರ ವೆಚ್ಚಕ್ಕೆ ಮೈಸೂರು ವರ್ಷಕ್ಕೆ ಏಳು ಲಕ್ಷ ವರಹಗಳನ್ನು ತೆರಬೇಕು. ಈ ಹಣ ಸಲ್ಲುವುದಕ್ಕೆ ಭಂಗ ಬರುವ ಸೂಚನೆ ಕಂಡರೆ ಸೀಮೆಯ ಆಡಳಿತವನ್ನು ಕಂಪನಿಯು ತಾನೇ ವಹಿಸಿಕೊಳ್ಳಬಹುದು. ಈ ಕಡೆಯ ಮಾತು ಮೂವತ್ತೆರಡು ವರ್ಷಗಳ ಕಾಲ ದಫ್ತರದಲ್ಲಿ ಮಲಗಿದ್ದಿತು. ನಗರ ಪ್ರಾಂತದಲ್ಲಿ ರೈತರು ದಂಗೆಯೆದ್ದುದೇ ನೆವವಾಗಿ 1831ರಲ್ಲಿ ಅದು ಮೈಮುರಿದು ಎದ್ದಿತು. ಬೆಂಟಿಂಕನು ಆ ಕಲಮನ್ನೇ ಆಧಾರವಾಗಿಟ್ಟುಕೊಂಡು ಮೈಸೂರಿನ ಆಡಳಿತವನ್ನು ಕಮಿಷನರರಿಗೆ ಒಪ್ಪಿಸಿದನು. ಅರಮನೆಗೆ ಅಧಿಕಾರ ಮರಳಿದ್ದು 1881ರಲ್ಲಿ. ಒಂದು ವಾಕ್ಯದ ಬೆಲೆ ಐವತ್ತು ವರ್ಷಗಳ ಆಡಳಿತ.

ಸುಗೌಲಿಯ ಒಪ್ಪಂದದಲ್ಲಿ ಅಂತಹ ವಾಕ್ಯವಿಲ್ಲ. ಅಲ್ಲಿ ಕಂಪನಿಯ ಸೈನ್ಯದ ಮಾತಿಲ್ಲ, ಸೈನ್ಯದ ಖರ್ಚಿನ ಮಾತಿಲ್ಲ, ಆಡಳಿತವನ್ನು ವಹಿಸಿಕೊಳ್ಳುವ ಮಾತಂತೂ ಇಲ್ಲವೇ ಇಲ್ಲ. ಹಣ ಕೊಡುವ ಮಾತು ಬಂದಿರುವುದು ಒಂದೇ ಕಡೆ. ಅಲ್ಲಿಯೂ ಕೊಡಬೇಕಾದುದು ಕಂಪನಿ. ಹೀಗಾದುದು ಕಂಪನಿಯ ಔದಾರ್ಯದಿಂದಲ್ಲ. ಬೆಟ್ಟಗಳಲ್ಲಿ ಹೋರಾಡುವುದೆಷ್ಟು ಕಷ್ಟವೆಂಬುದನ್ನು ನಾಲಾಪಾನಿಯು ಕಲಿಸಿದ್ದಿತು. ತರಾಯಿಯ ಜ್ವರವು ಸೈನ್ಯವನ್ನು ಮಳೆಗಾಲದಲ್ಲಿ ಉಳಿಯಗೊಡುತ್ತಿರಲಿಲ್ಲ. ನೇಪಾಳದಿಂದ ಕಾಣಿಕೆ ಪಡೆಯುತ್ತಿದ್ದ ಚೀನಾದ ಚಕ್ರವರ್ತಿಯನ್ನು ಕೆಣಕುವುದು ಕಂಪನಿಯ ವ್ಯಾಪಾರಕ್ಕೆ ಹಿತವಲ್ಲ. ಹೀಗೆ ಸೋತ ಪಕ್ಷವು ನೆಲವನ್ನು ಬಿಟ್ಟಿತು, ಗೆದ್ದ ಪಕ್ಷವು ಅರಮನೆಯನ್ನು ಬಿಟ್ಟಿತು. ಒಪ್ಪಂದವೊಂದನ್ನು ಓದುವಾಗ ಅದರಲ್ಲಿ ಬರೆದಿರುವುದರಷ್ಟೇ ಬರೆಯದೆ ಬಿಟ್ಟಿರುವುದನ್ನೂ ನೋಡಬೇಕಾಗುತ್ತದೆ.

ಒಪ್ಪಂದದ ಶಾಯಿ ಒಣಗುವುದರೊಳಗೆ ಅದಕ್ಕೆ ತಿದ್ದುಪಡಿಗಳು ಬಂದವು. ಎರಡು ಲಕ್ಷ ರೂಪಾಯಿಗಳನ್ನು ವರ್ಷ ವರ್ಷವೂ ಕೊಡುವುದಕ್ಕಿಂತ ಜ್ವರದ ಕಾಡನ್ನು ಹಿಂದಕ್ಕೆ ಕೊಡುವುದೇ ಅಗ್ಗವೆಂದು ಕಂಪನಿಗೆ ಕಂಡಿತು. 1816ರ ಡಿಸೆಂಬರಿನಲ್ಲಿ ಕೋಸಿಯಿಂದ ರಾಪ್ತಿಯವರೆಗಿನ ತರಾಯಿಯಲ್ಲಿ ಬಹುಭಾಗವು ನೇಪಾಳಕ್ಕೆ ಹಿಂದಿರುಗಿತು. ಗಡಿಯನ್ನು ಅಳೆದು ಗಾರೆಯ ಕಂಬಗಳನ್ನು ನೆಡುವುದೆಂದು ತೀರ್ಮಾನವಾಯಿತು. ಪೂರ್ವದಲ್ಲಿ ಮೇಚಿಗೂ ತೀಸ್ತಾಕ್ಕೂ ನಡುವಿನ ನೆಲವನ್ನು ಕಂಪನಿಯು 1817ರ ತಿತಾಲಿಯಾ ಒಪ್ಪಂದದಿಂದ ಸಿಕ್ಕಿಂ ರಾಜನಿಗೆ ಕೊಟ್ಟಿತು. ಅವನಿಂದ 1835ರಲ್ಲಿ ಡಾರ್ಜಿಲಿಂಗನ್ನು ತಾನು ಪಡೆಯಿತು. 1857ರ ಹೋರಾಟದಲ್ಲಿ ನೇಪಾಳದ ಪ್ರಧಾನಿ ಜಂಗ್ ಬಹಾದುರ್ ರಾಣಾ ತನ್ನ ಸೈನ್ಯದೊಡನೆ ಇಂಗ್ಲಿಷರ ನೆರವಿಗೆ ಹೋದನು. ಅದಕ್ಕೆ ಪ್ರತಿಯಾಗಿ 1860ರಲ್ಲಿ ರಾಪ್ತಿ ಕಾಳಿಗಳ ನಡುವಿನ ತರಾಯಿಯು ನೇಪಾಳಕ್ಕೆ ಸೇರಿತು. ಬಾಂಕೆ, ಬರ್ದಿಯಾ, ಕೈಲಾಲಿ, ಕಂಚನಪುರ ಎಂಬ ಆ ನಾಲ್ಕು ಜಿಲ್ಲೆಗಳಿಗೆ ನೇಪಾಳಿಗಳು ಇಂದಿಗೂ 'ನಯಾ ಮುಲುಕ್' ಎನ್ನುತ್ತಾರೆ. ಹೊಸ ನಾಡು ಎಂದರ್ಥ. ಲಖನೌದಲ್ಲಿ ಸೋತವರ ನೆಲದಿಂದ ನೇಪಾಳದ ಹೊಸ ನಾಡು ಹುಟ್ಟಿತೆಂಬುದು ಭಾರತೀಯ ಓದುಗನಿಗೆ ತುಸು ಕಹಿಯಾದ ಸಂಗತಿಯೇ ಸರಿ.

ಇಷ್ಟಾದರೂ ನೇಪಾಳವು ಪೂರ್ಣವಾಗಿ ಸ್ವತಂತ್ರವೆಂದು ಯಾರೂ ಬರೆದುಕೊಟ್ಟಿರಲಿಲ್ಲ. ಆಡಳಿತ ತನ್ನದು, ಆದರೆ ಹೊರದೇಶಗಳೊಡನೆ ವ್ಯವಹರಿಸುವಾಗ ಬ್ರಿಟಿಷರ ನೆರಳು ಮೇಲಿದ್ದೇ ಇರುತ್ತಿತ್ತು. ಒಂದನೆಯ ಮಹಾಯುದ್ಧದಲ್ಲಿ ಸಾವಿರಾರು ಗೋರ್ಖಾ ಯೋಧರು ಬ್ರಿಟಿಷರ ಪರವಾಗಿ ಕಾದಿದ ಮೇಲೆ ಪ್ರಧಾನಿ ಚಂದ್ರ ಶಂಶೇರನು ಹಣಕ್ಕಿಂತ ದೊಡ್ಡದಾದುದನ್ನು ಬಯಸಿದನು. 1923ರ ಡಿಸೆಂಬರ್ 21ರಂದು ಕಠ್ಮಂಡುವಿನಲ್ಲಿ ಆದ ಒಪ್ಪಂದದ ಮೊದಲನೆಯ ಕಲಮಿನಲ್ಲಿ ನೇಪಾಳ ಮತ್ತು ಬ್ರಿಟನ್ನುಗಳು ಒಂದರ ಸ್ವಾತಂತ್ರ್ಯವನ್ನು ಇನ್ನೊಂದು, ಒಳಗೂ ಹೊರಗೂ, ಅಂಗೀಕರಿಸುವುದಾಗಿ ಬರೆದವು. 'ಒಳಗೂ' ಎಂಬ ಮಾತು ಹಳೆಯದೇ. 'ಹೊರಗೂ' ಎಂಬುದಕ್ಕಾಗಿ ನೂರಕ್ಕೂ ಮಿಕ್ಕಿ ವರ್ಷ ಕಾಯಬೇಕಾಯಿತು. 1949ರಲ್ಲಿ ನೇಪಾಳವು ವಿಶ್ವಸಂಸ್ಥೆಯ ಸದಸ್ಯತ್ವಕ್ಕೆ ಅರ್ಜಿ ಹಾಕಿದಾಗ ತಾನು ಸ್ವತಂತ್ರ ರಾಷ್ಟ್ರವೆಂಬುದಕ್ಕೆ ಸಾಕ್ಷಿಯಾಗಿ ತನ್ನ ಒಪ್ಪಂದಗಳನ್ನೇ ಮುಂದಿಟ್ಟಿತು. ಸೋಲಿನ ಪತ್ರವೂ ಆ ಕಟ್ಟಿನಲ್ಲಿದ್ದಿತು. ಬೇರೊಂದು ರಾಜ್ಯವು ಎದುರು ಕುಳಿತು ಕರಾರು ಮಾಡಿಕೊಂಡಿದೆಯೆಂದ ಮೇಲೆ ಈ ರಾಜ್ಯವೊಂದು ಇದ್ದಿತೆಂದಾಯಿತಲ್ಲವೆ? ಸದಸ್ಯತ್ವ ದೊರೆತದ್ದು 1955ರ ಡಿಸೆಂಬರಿನಲ್ಲಿ.

ಈ ನಡುವೆ ಭಾರತವು ಸ್ವತಂತ್ರವಾಗಿದ್ದಿತು. 1950ರ ಜುಲೈ 31ರಂದು ಭಾರತ ನೇಪಾಳಗಳ ನಡುವೆ ಶಾಂತಿ ಮತ್ತು ಸ್ನೇಹದ ಒಪ್ಪಂದವಾಯಿತು. ಪರಸ್ಪರರ ಸಾರ್ವಭೌಮತೆಯನ್ನೂ ಸ್ವಾತಂತ್ರ್ಯವನ್ನೂ ಗೌರವಿಸುವುದು, ಒಂದು ದೇಶದ ಪ್ರಜೆಗಳಿಗೆ ಇನ್ನೊಂದರಲ್ಲಿ ವಾಸ, ಆಸ್ತಿ, ವ್ಯಾಪಾರಗಳ ಅವಕಾಶ ಕೊಡುವುದು ಅದರ ತಿರುಳು. ಅದರ ಎಂಟನೆಯ ಕಲಮು, ಈ ಒಪ್ಪಂದದ ವಿಷಯಗಳ ಮಟ್ಟಿಗೆ, ಬ್ರಿಟಿಷರು ಭಾರತದ ಪರವಾಗಿ ನೇಪಾಳದೊಡನೆ ಮಾಡಿಕೊಂಡಿದ್ದ ಹಿಂದಿನ ಒಪ್ಪಂದಗಳನ್ನೆಲ್ಲ ರದ್ದುಪಡಿಸಿತು.

ಇಲ್ಲಿ ಒಂದು ಕುತೂಹಲಕರವಾದ ಪ್ರಶ್ನೆ ಏಳುತ್ತದೆ. ಸುಗೌಲಿಯ ಒಪ್ಪಂದವೇ ರದ್ದಾಯಿತೆಂದರೆ ಅದು ಎಳೆದ ಗಡಿಯೂ ಅಳಿಸಿಹೋಗಬೇಕಲ್ಲವೆ? ಹಾಗಾದರೆ ಸಟ್ಲೆಜಿನವರೆಗಿನ ನೆಲವು ಪುನಃ ತಮ್ಮದಲ್ಲವೆ ಎಂದು ಕೇಳುವವರು ನೇಪಾಳದಲ್ಲಿ ಕೆಲವರಿದ್ದಾರೆ. ಅಂತರರಾಷ್ಟ್ರೀಯ ನ್ಯಾಯವು ಇದನ್ನು ಒಪ್ಪುವುದಿಲ್ಲ. ಕಮಾನು ಕಟ್ಟುವಾಗ ಕೆಳಗೆ ಸಾರುವೆ ಕೊಡುತ್ತಾರೆ. ಗಾರೆ ಕಚ್ಚಿಕೊಂಡ ಮೇಲೆ ಸಾರುವೆಯನ್ನು ಬಿಚ್ಚಿದರೂ ಕಮಾನು ನಿಲ್ಲುತ್ತದೆ. ಗಡಿಯೂ ಹಾಗೆಯೇ. ಒಪ್ಪಂದದಿಂದ ಒಮ್ಮೆ ನೆಲೆಗೊಂಡ ಗಡಿಯು ಒಪ್ಪಂದದ ಆಯುಸ್ಸನ್ನು ಅವಲಂಬಿಸುವುದಿಲ್ಲವೆಂದು ಹೇಗಿನ ಅಂತರರಾಷ್ಟ್ರೀಯ ನ್ಯಾಯಾಲಯವು 1994ರಲ್ಲಿ, ಆಫ್ರಿಕದ ಲಿಬಿಯ ಮತ್ತು ಚಾಡ್ ದೇಶಗಳ ವ್ಯಾಜ್ಯದಲ್ಲಿ, ತೀರ್ಪು ಕೊಟ್ಟಿದೆ. ಆಳುವವರು ಬದಲಾದರೂ ಗಡಿ ಬದಲಾಗದೆಂಬ ನಿಯಮವು 1978ರ ವಿಯೆನ್ನಾ ಒಡಂಬಡಿಕೆಯಲ್ಲಿದೆ. ಇಂದು ಬಲಾತ್ಕಾರದಿಂದ ಬರೆಸಿಕೊಂಡ ಕರಾರು ಊರ್ಜಿತವಾಗುವುದಿಲ್ಲ. ಆದರೆ 1816ರ ಲೋಕದಲ್ಲಿ ಅಂತಹ ನಿಯಮವಿರಲಿಲ್ಲ. ಹಳೆಯ ಅನ್ಯಾಯಗಳನ್ನೆಲ್ಲ ಅಗೆದು ಗಡಿಗಳನ್ನು ತಿದ್ದಹೊರಟರೆ ಭೂಮಿಯ ಮೇಲೆ ಉಳಿಯುವ ಗಡಿ ಎಷ್ಟು?

ಆದುದರಿಂದ ಇಂದಿನ ತಕರಾರು ಗಡಿ ಇದೆಯೇ ಎಂಬುದಲ್ಲ, ಎಲ್ಲಿದೆ ಎಂಬುದು. ಐದನೆಯ ಕಲಮು 'ಕಾಳೀ ನದಿಯ ಪಶ್ಚಿಮ' ಎಂದು ಹೇಳಿ ಸುಮ್ಮನಾಗುತ್ತದೆ. ನದಿಯು ಎಲ್ಲಿ ಹುಟ್ಟುತ್ತದೆಂದು ಅದು ಹೇಳುವುದಿಲ್ಲ. ಬಯಲಿನಲ್ಲಿ ಕುಳಿತು ಬರೆದವರಿಗೆ ಅದು ಮುಖ್ಯವೆಂದು ತೋರಿರಲಾರದು. ಹಿಮಾಲಯದ ಎತ್ತರದಲ್ಲಿ, ಗುಂಜಿ ಎಂಬ ಹಳ್ಳಿಯ ಬಳಿ, ಎರಡು ತೊರೆಗಳು ಕೂಡುತ್ತವೆ. ಒಂದು ವಾಯವ್ಯದ ಲಿಂಪಿಯಾಧುರದ ಕಡೆಯಿಂದ ಇಳಿದುಬರುವ ಕುಠೀ ತೊರೆ; ಇನ್ನೊಂದು ಲಿಪುಲೇಖ್ ಕಣಿವೆಯ ಕಡೆಯಿಂದ ಕಾಲಾಪಾನಿಯ ಮೂಲಕ ಬರುವುದು. ಇವೆರಡರಲ್ಲಿ ಕಾಳಿ ಯಾವುದು? ದೊಡ್ಡ ತೊರೆಯೇ ನದಿಯ ಮೂಲ, ಹಳೆಯ ಬ್ರಿಟಿಷ್ ನಕಾಶೆಗಳೂ ಅದನ್ನೇ ಕಾಳಿಯೆಂದು ತೋರಿಸಿವೆ ಎಂಬುದು ನೇಪಾಳದ ವಾದ. ಕಾಲಾಪಾನಿಯ ಊಟೆಗಳಿಂದಲೇ ಕಾಳಿ ಆರಂಭವಾಗುತ್ತದೆ, ತರುವಾಯದ ನಕಾಶೆಗಳೂ ಕಂದಾಯದ ದಾಖಲೆಗಳೂ ಆಡಳಿತದ ರೂಢಿಯೂ ಅದನ್ನೇ ಸಮರ್ಥಿಸುತ್ತವೆ ಎಂಬುದು ಭಾರತದ ನಿಲುವು. ನಡುವೆ ಇರುವುದು ಸುಮಾರು 335 ಚದರ ಕಿಲೋಮೀಟರುಗಳ ಹಿಮದ ನೆಲ. 1817ರಲ್ಲಿಯೇ ಈ ಕಡೆಯ ಹಳ್ಳಿಗಳ ಮಾತು ಬಂದಿತ್ತು; ಟಿಂಕರ್ ಮತ್ತು ಛಾಂಗರೂ ಹಳ್ಳಿಗಳು ನದಿಯ ಪೂರ್ವಕ್ಕಿವೆಯೆಂದು ಕಂಪನಿಯು ಅವನ್ನು ನೇಪಾಳಕ್ಕೆ ಬಿಟ್ಟುಕೊಟ್ಟಿತ್ತು, ಕುಠಿ ಮೊದಲಾದ ಹಳ್ಳಿಗಳನ್ನು ಬಿಟ್ಟುಕೊಡಲಿಲ್ಲ.

ಲಿಪುಲೇಖ್ ಐದು ಸಾವಿರ ಮೀಟರಿಗೂ ಎತ್ತರದ ಕಣಿವೆ. ಕೈಲಾಸ ಮಾನಸಸರೋವರದ ಯಾತ್ರಿಕರು ಹಾಯ್ದುಹೋಗುವ ಹಳೆಯ ದಾರಿ. 2020ರ ಮೇ ತಿಂಗಳಿನಲ್ಲಿ ಭಾರತವು ಆ ಕಡೆಗೆ ರಸ್ತೆಯನ್ನು ತೆರೆಯಿತು. ಅದೇ ತಿಂಗಳು ನೇಪಾಳವು ವಿವಾದದ ನೆಲವನ್ನು ತನ್ನದೆಂದು ತೋರಿಸುವ ಹೊಸ ನಕಾಶೆಯನ್ನು ಹೊರಡಿಸಿ, ಜೂನ್ ತಿಂಗಳಿನಲ್ಲಿ ಸಂವಿಧಾನಕ್ಕೇ ತಿದ್ದುಪಡಿ ತಂದಿತು. ಭಾರತವು ಆ ನಕಾಶೆಯನ್ನು ಅಂಗೀಕರಿಸಲಿಲ್ಲ. ಮಾತುಕತೆಯಿಂದಲೇ ಇದು ಪರಿಹಾರವಾಗಬೇಕೆಂದು ಎರಡು ಸರ್ಕಾರಗಳೂ ಹೇಳುತ್ತ ಬಂದಿವೆ.

ನದಿಯನ್ನು ನಂಬಿದ ಗಡಿಗೆ ಇನ್ನೊಂದು ತೊಡಕೂ ಉಂಟು. ಮೂಲ ಎಲ್ಲಿಯೆಂಬುದು ತಿಳಿದಿದ್ದರೂ ಪಾತ್ರವು ಒಂದೇ ಕಡೆ ನಿಲ್ಲುವುದಿಲ್ಲ. ಗಂಡಕಿಯ ದಂಡೆಯಲ್ಲಿ ಸುಸ್ತಾ ಎಂಬ ಹಳ್ಳಿಯಿದೆ. ಮೊದಲು ಅದು ನದಿಯ ಪಶ್ಚಿಮದಲ್ಲಿದ್ದಿತು. ಪ್ರವಾಹದಿಂದ ಪ್ರವಾಹಕ್ಕೆ ನದಿಯು ಪಶ್ಚಿಮದ ಕಡೆಗೆ ಸರಿಯುತ್ತ ಹೋದಂತೆ ಊರು ಪೂರ್ವದ ದಂಡೆಗೆ, ಎಂದರೆ ಬಿಹಾರದ ಕಡೆಗೆ, ಬಂದು ನಿಂತಿತು. ಊರು ಕದಲಲಿಲ್ಲ, ನದಿ ಕದಲಿತು. ದಂಡೆಯು ಮೆಲ್ಲಮೆಲ್ಲನೆ ಸವೆದು ಸರಿದರೆ ಗಡಿಯೂ ಅದರೊಡನೆ ಸರಿಯುತ್ತದೆ, ನದಿಯು ಒಮ್ಮೆಗೇ ಹೊಸ ಪಾತ್ರಕ್ಕೆ ಹಾರಿದರೆ ಗಡಿಯು ಹಳೆಯ ಪಾತ್ರದಲ್ಲಿಯೇ ಉಳಿಯುತ್ತದೆ ಎಂಬುದು ರಾಷ್ಟ್ರಗಳ ನಡುವಣ ರೂಢಿ. ಆದರೆ ಸುಸ್ತಾದಲ್ಲಿ ನಡೆದುದು ಇವೆರಡರಲ್ಲಿ ಯಾವುದೆಂದು ನಿರ್ಣಯಿಸುವುದು ಸುಲಭವಲ್ಲ. ಭತ್ತ ಬಿತ್ತಿದವನಿಗಂತೂ ಆ ಭೇದ ತಿಳಿಯುವ ಹೊತ್ತಿಗೆ ಹೊಲವೇ ಇರುವುದಿಲ್ಲ.

ಈ ಎರಡು ಕಡೆಗಳನ್ನು ಬಿಟ್ಟರೆ ಸುಮಾರು 1,750 ಕಿಲೋಮೀಟರುಗಳ ಉಳಿದ ಗಡಿಯನ್ನು ಕುರಿತು ಹೆಚ್ಚಿನ ಮನಸ್ತಾಪವಿಲ್ಲ. 1981ರಲ್ಲಿ ರಚಿತವಾದ ಉಭಯ ದೇಶಗಳ ಜಂಟಿ ತಾಂತ್ರಿಕ ಸಮಿತಿಯು 2007ರ ವೇಳೆಗೆ 182 ನಕಾಶೆಗಳನ್ನು ಸಿದ್ಧಪಡಿಸಿತು. ಕಂಬಗಳ ಎರಡು ಪಕ್ಕಗಳಲ್ಲಿ ಯಾರೂ ಉಳದ, ಯಾರೂ ಮನೆ ಕಟ್ಟದ ಒಂದು ಪಟ್ಟಿಯನ್ನು ಬಿಟ್ಟಿರುತ್ತಾರೆ. ಅದಕ್ಕೆ 'ದಶಗಜ' ಎಂದು ಹೆಸರು. ಬಿಡಬೇಕೆಂಬುದು ನಿಯಮ, ದನ ಮೇಯಿಸುವ ಹುಡುಗರಿಗೂ ಗಜ ನೆಲಕ್ಕೆ ಹಾತೊರೆಯುವ ರೈತನಿಗೂ ಅದು ಸದಾ ನೆನಪಿರುತ್ತದೆಂದಲ್ಲ. ಭಾರತ ನೇಪಾಳಗಳ ಪ್ರಜೆಗಳು ಈ ಗಡಿಯನ್ನು ದಾಟಲು ಪಾಸ್‌ಪೋರ್ಟು ವೀಸಾಗಳು ಬೇಕಾಗಿಲ್ಲ. ರಕ್ಸೌಲಿನಿಂದ ಬೀರ್‌ಗಂಜಿಗೆ ಟಾಂಗಾದಲ್ಲಿ ಹೋಗಿ ಸಾಮಾನು ಕೊಂಡು ಬರುವವರಿದ್ದಾರೆ. ಹೆಣ್ಣು ಕೊಟ್ಟು ತರುವ ಸಂಬಂಧಗಳಂತೂ ತರಾಯಿಯ ಉದ್ದಕ್ಕೂ ಹೆಣೆದುಕೊಂಡಿವೆ.

ಕಾಳೀ ನದಿಯ ಬಲದಂಡೆಯಲ್ಲಿ, ಉತ್ತರಾಖಂಡ ರಾಜ್ಯದಲ್ಲಿ, ಧಾರ್ಚುಲಾ ಎಂಬ ಊರಿದೆ. ಎದುರಿನ ದಂಡೆಯಲ್ಲಿರುವುದು ನೇಪಾಳದ ದಾರ್ಚುಲಾ. ಎರಡು ಹೆಸರುಗಳ ನಡುವೆ ಇರುವುದು ಒಂದು ಮಹಾಪ್ರಾಣದ ಅಂತರ. ಸುಗೌಲಿಯ ಕೌಲಿಗಿಂತ ಮೊದಲು ಈ ಎರಡು ದಂಡೆಗಳೂ ಒಂದೇ ರಾಜ್ಯದವಾಗಿದ್ದವು. ಈಗ ಊರುಗಳ ನಡುವೆ ಒಂದು ತೂಗುಸೇತುವೆ. ಕೆಳಗೆ ಬೂದುಬಣ್ಣದ ನೀರು ಬಂಡೆಗಳನ್ನು ಬಡಿಯುತ್ತ ಇಳಿಯುತ್ತದೆ. ನೇಪಾಳದ ಗಡಿಯಾರವು ಭಾರತದ ಗಡಿಯಾರಕ್ಕಿಂತ ಹದಿನೈದು ನಿಮಿಷ ಮುಂದಿರುವುದರಿಂದ ಈ ದಂಡೆಯಿಂದ ಹತ್ತು ಗಂಟೆಗೆ ಹೊರಟವನು ಆ ದಂಡೆಯನ್ನು ಸೇರುವಾಗ ಹತ್ತೂಕಾಲು ಮೀರಿರುತ್ತದೆ. ಹಿಂದಿರುಗುವಾಗ ಆ ಕಾಲು ಗಂಟೆ ಅವನಿಗೆ ಮರಳಿ ಸಿಕ್ಕುತ್ತದೆ.